ಅಲುಗದೆ ಕೂತವಳು

ಯಮುನಾ ಕೂತಳೆಂದರೆ ಕೂತಳು. ಚಿಕ್ಕಂದಿನಲ್ಲಿ ಗವಿಪುರದ ಮನೆಯ ಜಗಲಿಯ ಮೇಲೆ ಅಮ್ಮ ಅಕ್ಕಿ ಒಣಹಾಕಿ ಅವಳನ್ನು ಕಾವಲಿಗೆ ಕೂರಿಸಿದರೆ, ಗುಬ್ಬಚ್ಚಿಗಳು ಅವಳ ಕಾಲ್ಬೆರಳಿನ ಪಕ್ಕದಲ್ಲೇ ಕಾಳು ಹೆಕ್ಕಿಕೊಂಡು ಹೋಗುತ್ತಿದ್ದವಂತೆ. ಓಡಿಸಬಾರದೇನೇ ಎಂದು ಅಮ್ಮ ಬೈಯುತ್ತಿದ್ದರು. ಓಡಿಸಬೇಕೆನ್ನುವುದು ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. ನೋಡುತ್ತ ನೋಡುತ್ತ ಅವಳು ಎಲ್ಲಿಗೋ ಹೋಗಿಬಿಡುತ್ತಿದ್ದಳು.

ಆ ಗುಣವೇ ಮುಂದೆ ಅವಳಿಗೆ ಅನ್ನ ಕೊಟ್ಟಿತು. ಚಾಮರಾಜಪೇಟೆಯಲ್ಲಿ ಮರಿಯಣ್ಣ ಎಂಬುವರು ರೇಷ್ಮೆ ಸೀರೆಯ ಅಂಚು, ಸೆರಗುಗಳಿಗೆ ನಕ್ಷೆ ಬರೆಸುವ ಕಚೇರಿ ಇಟ್ಟಿದ್ದರು. ಇಲ್ಲಿ ಬರೆದದ್ದು ದೊಡ್ಡಬಳ್ಳಾಪುರದ ಮಗ್ಗಗಳಿಗೆ ಹೋಗಿ, ಸೀರೆಯಾಗಿ ನಗರ್ತಪೇಟೆಯ ಅವರ ಅಂಗಡಿಗೆ ಬರುತ್ತಿತ್ತು. ಗ್ರಾಫ್ ಹಾಳೆಯ ಒಂದೊಂದು ಚೌಕವೂ ಒಂದೊಂದು ಎಳೆಯ ಲೆಕ್ಕ. ಒಂದು ಚೌಕ ಅತ್ತಿತ್ತ ಆದರೆ ನವಿಲಿನ ಕಣ್ಣು ಕೆನ್ನೆಗೆ ಇಳಿದುಬಿಡುತ್ತದೆ. ಹಾಳೆಯನ್ನು ಕಂಪ್ಯೂಟರಿಗೆ ಏರಿಸುವವರು ಈಗ ಬಂದಿದ್ದರೂ ಮೊದಲ ನಕ್ಷೆ ಮಾತ್ರ ಕೈಯಲ್ಲೇ ಆಗಬೇಕೆಂಬುದು ಆ ಮನೆಯವರ ಹಟ. ಆ ಕೈ ಯಮುನಾಳದು. ಅವಳ ಪಕ್ಕದಲ್ಲಿ ಕೂತು ಯಾವ ಎಳೆಗೆ ಯಾವ ಬಣ್ಣ ಎಂದು ತೀರ್ಮಾನಿಸುತ್ತಿದ್ದವಳು ಚೂಡಾಮಣಿ.

ಚೂಡಾಮಣಿಯದು ತದ್ವಿರುದ್ಧ ಸ್ವಭಾವ. ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಮಾತಾಡುವಾಗ ಎರಡೂ ಕೈ ಆಡಬೇಕು. ಮಾತಿಲ್ಲದಾಗ ಕಾಲು ಕುಣಿಯಬೇಕು. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಎಂದು ಎಷ್ಟು ಜನ ಹೇಳಿದರೂ ಬಿಟ್ಟಿರಲಿಲ್ಲ. ಹಳೆಯ ಕಚೇರಿಯ ಮರದ ಮೇಜು ಅವಳ ಕಾಲಿನ ತಾಳಕ್ಕೆ ಸಣ್ಣಗೆ ನಡುಗುತ್ತಿತ್ತು. ಯಮುನಾ ಏನೂ ಅನ್ನದೆ, ಆ ನಡುಕ ನಿಂತ ಹೊತ್ತು ನೋಡಿಕೊಂಡು ಕುಂಚ ಇಳಿಸುವುದನ್ನು ಕಲಿತಿದ್ದಳು.

ಹಳೆಯ ಕಚೇರಿಯೆಂದರೆ ಒಂದು ಮನೆಯೇ. ಕೆಂಪು ಗಾರೆಯ ನೆಲ, ಎತ್ತರದ ತಾರಸಿ, ಬೀದಿಗೆ ತೆರೆಯುವ ಉದ್ದುದ್ದ ಕಿಟಕಿಗಳು. ಬಿಸಿಲು ಬಂದ ಕಡೆಯಿಂದ ಇಬ್ಬರೂ ಸ್ಟೂಲು ಎಳೆದುಕೊಂಡು ನೆರಳಿಗೆ ಸರಿಯುತ್ತ, ಸಂಜೆಯ ಹೊತ್ತಿಗೆ ಇಡೀ ಹಜಾರವನ್ನೇ ಒಂದು ಸುತ್ತು ಬಂದಿರುತ್ತಿದ್ದರು. ಹಾಗೆಂದು ಅದು ಸ್ವರ್ಗವೇನಲ್ಲ. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಹಾಳೆ ಹಾರುತ್ತಿತ್ತು, ಹಾಕದಿದ್ದರೆ ಮುಂಗೈ ಬೆವರಿ ಗೆರೆ ಕಲಸುತ್ತಿತ್ತು. ಸೂರಿನ ಪಾರಿವಾಳ, ಬೀದಿಯ ಧೂಳು, ರೇಷ್ಮೆಯ ಹೊಟ್ಟು ಎಲ್ಲ ಸೇರಿ ಚೂಡಾಮಣಿಗೆ ಉಬ್ಬಸ ಹಿಡಿಸಿದ್ದವು. ಚಳಿಗಾಲದಲ್ಲಿ ಅವಳು ಮೇಜಿನ ಅಂಚು ಹಿಡಿದು ಉಸಿರಿಗಾಗಿ ಕಾಯುವುದನ್ನು ನೋಡಿದಾಗ ಯಮುನಾಳಿಗೆ ತನ್ನ ಎದೆಯೇ ಬಿಗಿದಂತಾಗುತ್ತಿತ್ತು.

ಮರಿಯಣ್ಣನವರು ತೀರಿಕೊಂಡ ಮೇಲೆ ಮಗ ಅನಿಲ್ ಕುಮಾರ್ ಅದೇ ಪೇಟೆಯ ಇನ್ನೊಂದು ಅಡ್ಡರಸ್ತೆಯಲ್ಲಿ ಹೊಸ ಕಟ್ಟಡ ಎಬ್ಬಿಸಿದ. ಗೃಹಪ್ರವೇಶದ ದಿನ ಕೆಲಸದವರನ್ನೆಲ್ಲ ಒಟ್ಟಿಗೆ ನಿಲ್ಲಿಸಿಕೊಂಡು, ಇದು ಬುದ್ಧಿಯಿರುವ ಕಟ್ಟಡ, ಇನ್ನು ಮೇಲೆ ಯಾರೂ ಸ್ವಿಚ್ಚು ಹುಡುಕಬೇಕಾಗಿಲ್ಲ ಎಂದು ಹೇಳಿದ. ಜನ ಬಂದರೆ ದೀಪ ತಾನೇ ಹತ್ತುತ್ತದೆ, ಬಿಸಿಲು ಏರಿದರೆ ಪರದೆ ತಾನೇ ಇಳಿಯುತ್ತದೆ, ಎಲ್ಲಿ ಎಷ್ಟು ತಂಪು ಬೇಕೋ ಅಷ್ಟನ್ನೇ ಕಳಿಸುತ್ತದೆ. ಸೆಕೆಯಾದರೆ ಸೆಕೆ, ಚಳಿಯಾದರೆ ಚಳಿ ಎಂದು ಫೋನಿನಲ್ಲಿ ಒತ್ತಿದರೆ ಸಾಕು. ಗಾಜಿನ ಗೋಡೆಗಳು ಮಾತ್ರ ತೆರೆಯುವುದಿಲ್ಲ. ಹೊರಗಿನ ಗಾಳಿಯನ್ನು ಯಂತ್ರವೇ ಸೋಸಿ ಒಳಗೆ ಬಿಡುತ್ತದೆ. ನಕ್ಷೆಯವರಿಗೆ ಗಲಾಟೆ ಆಗಬಾರದೆಂದು ಮೂರನೆಯ ಮಹಡಿಯ ಮೂಲೆಯಲ್ಲಿ ಒಂದು ಗಾಜಿನ ಕೋಣೆಯನ್ನೇ ಅವನು ಬಿಟ್ಟುಕೊಟ್ಟಿದ್ದ. ಅದರಲ್ಲಿ ಎರಡೇ ಮೇಜು.

ಚೂಡಾಮಣಿ ಅಲ್ಲಿ ಅರಳಿಬಿಟ್ಟಳು. ತಿಂಗಳೊಳಗೆ ಉಬ್ಬಸ ಹಿಂದೆ ಸರಿಯಿತು, ಮುಖಕ್ಕೆ ಬಣ್ಣ ಬಂತು. ದಿನವಿಡೀ ಫೋನಿನಲ್ಲಿ ಸೆಕೆ, ಚಳಿ ಎಂದು ಒತ್ತುತ್ತ ಅತ್ತೆ ಸೊಸೆಯನ್ನು ಆಳುವಂತೆ ಕಟ್ಟಡವನ್ನು ಆಳಿದಳು. ಯಮುನಾ ಒಮ್ಮೆಯೂ ಒತ್ತಲಿಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ ತನ್ನೊಬ್ಬಳ ಸೆಕೆಯ ಸುದ್ದಿ ಹೇಳುವುದೆಂದರೆ ಅವಳಿಗೆ ಏನೋ ಸಂಕೋಚ. ಹೊಸ ಮೇಜು ಅಲುಗುತ್ತಿರಲಿಲ್ಲ, ಹಾಳೆ ಹಾರುತ್ತಿರಲಿಲ್ಲ, ಮುಂಗೈ ಒಣಗಿರುತ್ತಿತ್ತು. ಅಷ್ಟು ಸಾಕೆನಿಸಿತ್ತು.

ಮಾರ್ಚ್ ತಿಂಗಳಲ್ಲಿ ಚೂಡಾಮಣಿಯ ಅಕ್ಕನಿಗೆ ಮೈಸೂರಿನಲ್ಲಿ ಮಂಡಿಯ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಕೆಲವು ವಾರ ಬರುವುದಿಲ್ಲ ಎಂದು ಹೇಳಿ ಅವಳು ಹೊರಟುಹೋದಳು. ಗಾಜಿನ ಕೋಣೆಯಲ್ಲಿ ಯಮುನಾ ಒಬ್ಬಳೇ ಉಳಿದಳು.

ಆಗ ಅವಳ ಮಧ್ಯಾಹ್ನಗಳು ಬದಲಾದವು. ಊಟ ಮುಗಿಸಿ ಬಂದು ಕುಂಚ ಹಿಡಿದ ಸ್ವಲ್ಪ ಹೊತ್ತಿಗೆ ಬೆಳಕು ಮೆಲ್ಲಗೆ ಹಾಲು ಬೆರೆಸಿದಂತೆ ಮಸುಕಾಗುತ್ತಿತ್ತು. ಎಷ್ಟು ಮೆಲ್ಲಗೆ ಎಂದರೆ, ತನ್ನ ಕಣ್ಣೇ ಮಂದವಾಗುತ್ತಿದೆ ಎಂದು ಅವಳು ನಂಬಿದಳು. ಯಂತ್ರದ ಸದ್ದು ದೂರ ಹೋಗಿ, ಅದರ ಜಾಗದಲ್ಲಿ ನೀರಿನ ಸದ್ದು ಬರುತ್ತಿತ್ತು. ಹಾಳೆಯ ಚೌಕಗಳು ಒಂದರೊಳಗೊಂದು ಕರಗಿ ಗವಿಪುರದ ಕೆಂಪಾಂಬುಧಿ ಕೆರೆಯಾಗುತ್ತಿದ್ದವು. ಅವಳು ಚಿಕ್ಕವಳಾಗಿ ದಡದಲ್ಲಿ ನಿಂತಿರುತ್ತಿದ್ದಳು. ಯಾರೋ ಹಿಂದಿನಿಂದ ಕರೆದಂತೆ, ಯಾರೆಂದು ತಿರುಗುವಷ್ಟರಲ್ಲಿ ದಡವೇ ದೂರ ಹೋದಂತೆ. ಹೊರಗೆ ಏನಾದರೂ ಸದ್ದಾಗಿ ಅವಳು ಬೆಚ್ಚಿ ಎದ್ದರೆ, ಬೆಳಕು ಮತ್ತೆ ಫಳ್ಳನೆ ಬಂದು ಚೌಕಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತಿದ್ದವು. ತಲೆ ಮಾತ್ರ ಭಾರವಾಗಿರುತ್ತಿತ್ತು. ಹಿತವೂ ಹೌದು, ಭಯವೂ ಹೌದು ಎನ್ನುವಂಥ ಮಂಪರು ಅದು. ಯಾರಿಗೆ ಹೇಳುವುದು? ವಯಸ್ಸು ಐವತ್ತು ದಾಟಿದೆ, ಇದೆಲ್ಲ ಇದ್ದದ್ದೇ ಎಂದುಕೊಂಡು ಸುಮ್ಮನಾದಳು.

ಆ ದಿನಗಳಲ್ಲೇ ಒಂದು ಮದುವೆ ಸೀರೆಯ ಅಂಚು ಬರೆಯುವುದಿತ್ತು. ಸಾಲಾಗಿ ತೇಲುವ ಹಂಸಗಳು. ಅವಳು ಬರೆದುಕೊಟ್ಟಳು, ಕಂಪ್ಯೂಟರಿಗೆ ಏರಿತು, ಮಗ್ಗಕ್ಕೆ ಹೋಯಿತು. ಸೀರೆಗಳು ನೇಯ್ದು ಬಂದಾಗ ನಗರ್ತಪೇಟೆಯ ಅಂಗಡಿಯಿಂದ ಅನಿಲ್‌ಗೆ ಫೋನು ಬಂತು. ಪ್ರತಿ ಸಾಲಿನಲ್ಲೂ ಒಂದು ಹಂಸ ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು.

ಯಮುನಾ ಸೀರೆಯನ್ನು ಮಡಿಲಿನಲ್ಲಿ ಹರಡಿಕೊಂಡು ನೋಡಿದಳು. ಗೆರೆ ತನ್ನದೇ. ಕತ್ತಿನ ಬಳುಕು ಎಷ್ಟು ಚೆನ್ನಾಗಿ ಬಂದಿದೆಯೆಂದರೆ ಅದನ್ನು ತಪ್ಪು ಎನ್ನಲು ನಾಲಿಗೆ ಏಳದು. ಆದರೆ ಅದನ್ನು ಬರೆದದ್ದು ಅವಳಿಗೆ ನೆನಪೇ ಇರಲಿಲ್ಲ.

ಅನಿಲ್ ಕೋಪ ಮಾಡಿಕೊಳ್ಳಲಿಲ್ಲ. ಹುಡುಗನಾಗಿದ್ದಾಗ ಅವಳ ಪಕ್ಕ ಕೂತು ಬಣ್ಣದ ಬಟ್ಟಲು ಉರುಳಿಸಿದವನು ಅವನು. ಮದುವೆಯವರು ಸೀರೆಗಳನ್ನು ಬೇಡವೆಂದದ್ದನ್ನು ನಿಧಾನವಾಗಿ ತಿಳಿಸಿದ.

"ಯಮುನಕ್ಕ, ನೀವು ಬೇಜಾರ್ ಮಾಡ್ಕೋಬಾರ್ದು. ಕಣ್ಣಿನ ಕೆಲಸ ಇದು. ಬೇಕಿದ್ರೆ ಅಂಗಡೀಲಿ ಬಂದು ಕೂತ್ಕೊಳ್ಳಿ, ಗಿರಾಕಿಗಳಿಗೆ ಸೀರೆ ತೋರಿಸ್ತಾ ಇರಿ. ಆಯಾಸ ಇರಲ್ಲ."

ಒಳ್ಳೆಯ ಮಾತೇ. ಆದರೆ ಆ ಒಳ್ಳೆಯ ಮಾತು ಅವಳನ್ನು ಚುಚ್ಚಿದಷ್ಟು ಬೈಗಳೂ ಚುಚ್ಚುತ್ತಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದಳು. ಬಸವನಗುಡಿಯ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಪರೀಕ್ಷೆ ಮಾಡಿ, ಕನ್ನಡಕ ಬದಲಿಸುವುದೂ ಬೇಡ, ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಅದು ಸಮಾಧಾನದ ಸುದ್ದಿಯಾಗಲಿಲ್ಲ. ಕಣ್ಣಲ್ಲವೆಂದರೆ ಕೆಟ್ಟಿರುವುದು ಮನಸ್ಸೇ ಇರಬೇಕು ಎಂದುಕೊಂಡಳು.

ಅಲ್ಲಿಂದ ನೇರ ಮನೆಗೆ ಹೋಗಲು ಮನಸ್ಸಾಗದೆ ಅನಿಲ್‌ನ ತಾಯಿ ವಿಶಾಲಮ್ಮನವರ ಮನೆಗೆ ನಡೆದಳು. ವಿಶಾಲಮ್ಮ ಬಾಗಿಲು ತೆರೆದಾಗ ಅವರ ಮೈಮೇಲೆ ಅದೇ ಸೀರೆ ಇತ್ತು. ಬಂದ ಮಾಲು ಸುಮ್ಮನೆ ಯಾಕೆ ಬಿದ್ದಿರಬೇಕು ಎಂದು ಒಂದನ್ನು ತೆಗೆದಿಟ್ಟುಕೊಂಡಿದ್ದರಂತೆ. ಅಂಚನ್ನು ಬೆರಳಲ್ಲಿ ಹಿಡಿದು ತೋರಿಸಿದರು.

"ನೋಡೇ, ಇದೊಂದು ಹಿಂದಕ್ಕೆ ನೋಡ್ತಾ ಇದೆ. ಜೊತೇಲಿ ಬರ್ತಿದ್ದೋರು ಯಾರೋ ಹಿಂದೆ ಉಳ್ಕೊಂಡಿರ್ಬೇಕು."

ಯಮುನಾ ಆ ಹಂಸದ ಕತ್ತಿನ ಮೇಲೆ ಬೆರಳಾಡಿಸಿದಳು. ಕಾಫಿ ಕುಡಿದು ಮುಗಿಸುವಾಗ, ಹಳೆಯ ಕಚೇರಿಯ ಬೀಗದ ಕೈ ಕೊಡುತ್ತೀರಾ, ಆ ಅಂಚನ್ನು ಅಲ್ಲಿ ಕೂತು ಮತ್ತೊಮ್ಮೆ ಬರೆದು ನೋಡುತ್ತೇನೆ ಎಂದು ಕೇಳಿದಳು. ಹಳೆಯ ಮನೆ ಈಗ ಗೋಡೌನು ಆಗಿತ್ತು. ವಿಶಾಲಮ್ಮ ಕಾರಣ ಕೇಳದೆ ಕೊಟ್ಟರು.

ಏಪ್ರಿಲ್ ಬಿಸಿಲು. ಮಾಲಿನ ಕಟ್ಟುಗಳ ನಡುವೆ ಜಾಗ ಮಾಡಿಕೊಂಡು, ಕಿಟಕಿಗಳನ್ನು ತೆರೆದು, ಅವಳು ಹಂಸಗಳನ್ನು ಮೊದಲಿನಿಂದ ಬರೆಯತೊಡಗಿದಳು. ಸೆಕೆ ಬೆನ್ನ ಮೇಲೆ ಕುಳಿತಿತ್ತು. ಕರೆಂಟು ಹೋದರೆ ಫ್ಯಾನಿಲ್ಲ. ಧೂಳಿಗೆ ಸೀನು ಬರುತ್ತಿತ್ತು. ಬೀದಿಯಲ್ಲಿ ಸೊಪ್ಪಿನವನ ಕೂಗು, ಆಟೋದ ಹಾರನ್ನು, ಎದುರು ಮನೆಯ ಕುಕ್ಕರಿನ ಸೀಟಿ. ಇಷ್ಟೆಲ್ಲದರ ನಡುವೆಯೂ ಮಧ್ಯಾಹ್ನ ಕಳೆದು ಸಂಜೆಯಾದರೂ ಕೆರೆ ಬರಲಿಲ್ಲ. ಚೌಕ ಚೌಕವಾಗಿಯೇ ಉಳಿಯಿತು. ಹಂಸಗಳೆಲ್ಲ ಮುಂದಕ್ಕೇ ನೋಡಿದವು. ಸುಸ್ತಾಗಿತ್ತು, ಆದರೆ ಅದು ಕೆಲಸ ಮಾಡಿದ ಸುಸ್ತು. ಚೂಡಾಮಣಿ ಇಲ್ಲಿಗೆ ಬಂದರೆ ಎರಡು ದಿನದಲ್ಲಿ ಮತ್ತೆ ಉಸಿರು ಕಟ್ಟುತ್ತದೆ ಎನ್ನುವುದೂ ನೆನಪಾಯಿತು. ತಾನು ಇಲ್ಲಿ, ಅವಳು ಅಲ್ಲಿ ಎನ್ನುವುದು ಅವಳಿಗೆ ಒಗ್ಗಲಿಲ್ಲ.

ಎರಡನೆಯ ದಿನ ಅಲ್ಲಿಗೆ ಮಾಧವಿ ಎಂಬ ಹುಡುಗಿ ಬಂದಳು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವವಳು. ಹಳೆಯ ಮನೆಗಳಲ್ಲಿ, ಹೊಸ ಬುದ್ಧಿವಂತ ಕಟ್ಟಡಗಳಲ್ಲಿ ಜನ ಎಷ್ಟು ಆರಾಮವಾಗಿರುತ್ತಾರೆ, ಎಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ ಎಂದು ಹೋಲಿಸುವುದು ಅವಳ ವಿಷಯ. ತನ್ನ ಕಟ್ಟಡ ಗೆಲ್ಲುತ್ತದೆಂಬ ಭರವಸೆಯಲ್ಲಿ ಅನಿಲ್ ಅವಳಿಗೆ ಎರಡೂ ಕಡೆ ಅಳೆಯಲು ಒಪ್ಪಿಗೆ ಕೊಟ್ಟಿದ್ದ. ಅಂಗೈಯಗಲದ ಒಂದು ಬಿಳಿ ಡಬ್ಬಿಯನ್ನು ಅವಳು ಮೇಜಿನ ಮೇಲಿಟ್ಟಳು. ಅದು ಕೋಣೆಯ ಬಿಸಿ, ಬೆಳಕು, ಗಾಳಿ ಎಷ್ಟು ಹಳಸಿದೆ ಎನ್ನುವುದನ್ನೆಲ್ಲ ತನ್ನಷ್ಟಕ್ಕೆ ಅಳೆಯುತ್ತಿತ್ತು. ಹೇಗನಿಸುತ್ತಿದೆ ಎಂದು ಅವಳು ಕೇಳಿದಳು.

"ಸೆಕೆ ಇದೆ ಕಣಮ್ಮ. ಆದ್ರೆ ಎಚ್ಚರ ಇದೆ," ಎಂದಳು ಯಮುನಾ.

ಮಾಧವಿ ತಲೆಯೆತ್ತಿ ಅವಳನ್ನು ನೋಡಿದಳು. ಹೊಸ ಕಟ್ಟಡದಲ್ಲಿ ಹಾಗಿರಲ್ವಾ ಎಂದು ಮೆಲ್ಲಗೆ ಕೇಳಿದಳು. ಅಷ್ಟು ದಿನ ಯಾರಿಗೂ ಹೇಳದ್ದನ್ನು ಯಮುನಾ ಆ ಹುಡುಗಿಗೆ ಹೇಳಿದಳು. ಮಸುಕಾಗುವ ಬೆಳಕು, ನೀರಿನ ಸದ್ದು, ನೆನಪಿಲ್ಲದ ಹಂಸ. ಮಾಧವಿ ನಗಲಿಲ್ಲ. ನಾಳೆ ಒಂದು ದಿನ ಅಲ್ಲೇ ಕೂತು ಕೆಲಸ ಮಾಡಿ, ನಾನೂ ಪಕ್ಕದಲ್ಲಿ ಕೂರುತ್ತೇನೆ ಎಂದಳು.

ಮರುದಿನ ಚೂಡಾಮಣಿಯ ಕುರ್ಚಿಯಲ್ಲಿ ಮಾಧವಿ ಕೂತಳು. ಬಿಳಿ ಡಬ್ಬಿ ಇಬ್ಬರ ನಡುವೆ. ಬೆಳಗ್ಗೆಯೆಲ್ಲ ಚೆನ್ನಾಗಿತ್ತು. ಊಟವಾದ ಮೇಲೆ ಯಮುನಾ ಒಂದು ಮಾವಿನಕಾಯಿ ಬುಟ್ಟಾ ಬರೆಯಲು ತೊಡಗಿದಳು. ಮಾಧವಿ ಪುಸ್ತಕ ತೆರೆದುಕೊಂಡು ಅಲುಗಾಡದೆ ಓದತೊಡಗಿದಳು. ಬೆಳಕು ಇಳಿಯಿತು. ಪರದೆಯಾಚೆ ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿತು. ಮಾವಿನಕಾಯಿಯ ತೊಟ್ಟು ಉದ್ದವಾಗುತ್ತ, ಬಳ್ಳಿಯಾಗಿ, ಮೇಜಿನಿಂದಿಳಿದು ನೀರಿನತ್ತ ಹರಿಯಿತು. ಈ ಸಲ ದಡದಲ್ಲಿ ಅವಳು ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗಿ ಮೊಣಕಾಲಿನ ಮೇಲೆ ಗಲ್ಲವೂರಿ ಕೂತಿದ್ದಳು. ಇಬ್ಬರೂ ಏನೂ ಮಾತಾಡದೆ ನೀರು ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರೋ.

ಇದ್ದಕ್ಕಿದ್ದಂತೆ ಸೂರ್ಯ ನೆತ್ತಿಗೆ ಬಂದ ಹಾಗೆ ಬೆಳಕಾಯಿತು. ಬಾಗಿಲಲ್ಲಿ ಅನಿಲ್ ನಿಂತಿದ್ದ. ಕತ್ತಲೆ ಕವಿದ ಗಾಜಿನ ಕೋಣೆಯಲ್ಲಿ ಒಬ್ಬಳು ಕೈಯಲ್ಲಿ ಕುಂಚ ಹಿಡಿದೇ, ಇನ್ನೊಬ್ಬಳು ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದನ್ನು ಅವನು ಆಗತಾನೇ ನೋಡಿದ್ದ. ಇಬ್ಬರಲ್ಲಿ ಒಬ್ಬಳಿಗಂತೂ ಇನ್ನೂ ಮೂವತ್ತು ತುಂಬಿರಲಿಲ್ಲ. ಇದಕ್ಕೆ ವಯಸ್ಸೇ ಕಾರಣ ಎನ್ನುವಂತಿರಲಿಲ್ಲ.

ಮಾಧವಿ ನಾಚಿಕೊಂಡು ಕಣ್ಣುಜ್ಜಿ, ಡಬ್ಬಿಯನ್ನು ಎತ್ತಿ ನೋಡಿದಳು. ಮಧ್ಯಾಹ್ನ ದೀಪ ಇಳಿದದ್ದು ಅದರಲ್ಲಿ ದಾಖಲಾಗಿತ್ತು, ಅದರ ಬೆನ್ನಿಗೇ ಗಾಳಿ ಹಳಸುತ್ತ ಹೋದದ್ದು ಬೆಟ್ಟದ ಗೆರೆಯಂತೆ ಏರಿತ್ತು. ಚಾವಣಿಯ ಮೂಲೆಯಲ್ಲಿದ್ದ ಗುಂಡಿಯಂಥ ಒಂದು ಸೆನ್ಸರನ್ನು ನೋಡಿ, ಕೈ ಬೀಸಿ, ಮತ್ತೆ ಸುಮ್ಮನೆ ನಿಂತು, ಅವಳು ಸ್ವಲ್ಪ ಹೊತ್ತು ಪರೀಕ್ಷಿಸಿದಳು.

"ಮೇಡಂ, ಇದು ಮನುಷ್ಯರನ್ನ ನೋಡಲ್ಲ, ಅಲುಗಾಡೋದನ್ನ ನೋಡುತ್ತೆ. ನೀವು ಅಲುಗಾಡೋದೇ ಇಲ್ಲ. ಅದರ ಪ್ರಕಾರ ಈ ರೂಮಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಕಡೆ ದಂಡ ಯಾಕೆ ಅಂತ ಲೈಟೂ ಇಳಿಸುತ್ತೆ, ಹೊಸ ಗಾಳೀನೂ ನಿಲ್ಲಿಸುತ್ತೆ. ನೀವು ಬಿಟ್ಟ ಉಸಿರನ್ನೇ ನೀವು ಮತ್ತೆ ಎಳ್ಕೊಂಡು ಕೂತಿರ್ತೀರಿ."

ಮೊದಲು ಹೀಗಾಗುತ್ತಿರಲಿಲ್ಲವಲ್ಲ ಎಂದ ಅನಿಲ್. ಯಮುನಾಳ ಕಣ್ಣು ಚೂಡಾಮಣಿಯ ಮೇಜಿನ ಕೆಳಗೆ ಹೋಯಿತು. ಅಷ್ಟು ವರ್ಷ ಹಲ್ಲು ಕಚ್ಚಿ ಸಹಿಸಿಕೊಂಡಿದ್ದ ಆ ಕಾಲಿನ ಕುಣಿತ, ಆ ಕೈಯಾಟ. ತನ್ನ ಪಾಲಿನ ಬೆಳಕು, ತನ್ನ ಪಾಲಿನ ಗಾಳಿಯೆಲ್ಲ ಅದರಿಂದಲೇ ಬರುತ್ತಿತ್ತು. ಅವಳು ಅಲ್ಲಿಂದಲೇ ಮೈಸೂರಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಚೂಡಾಮಣಿ ಕೇಳಿಸಿಕೊಂಡು ಬಹಳ ಹೊತ್ತು ನಕ್ಕಳು. ಆಮೇಲೆ ಅವಳ ದನಿ ಇಳಿಯಿತು.

"ಅಯ್ಯೋ, ಅಷ್ಟು ದಿನ ಒಬ್ಬಳೇ ಕತ್ತಲಲ್ಲಿ ಕೂತಿದ್ಯಾ? ಒಂದು ಮಾತು ಹೇಳಬಾರ್ದಿತ್ತೇನೇ?"

ಹೇಳಬಾರದಿತ್ತೇ ಎಂಬ ಮಾತು ಯಮುನಾಳ ಜೊತೆ ಗವಿಪುರದವರೆಗೂ ನಡೆದು ಬಂತು. ಮನಸ್ಸು ಕೆಟ್ಟಿಲ್ಲ, ಕೈ ಕೆಟ್ಟಿಲ್ಲ ಎಂಬ ಹಗುರ ಒಂದು ಕಡೆ. ಇಲ್ಲಿ ಯಾರೂ ಇಲ್ಲ ಎಂದು ಒಂದು ಕಟ್ಟಡ ದಿನಾ ತೀರ್ಮಾನಿಸುತ್ತಿತ್ತು ಎಂಬ ನೋವು ಇನ್ನೊಂದು ಕಡೆ. ಮದುವೆ ಮನೆಗಳಲ್ಲಿ ಬಡಿಸುವವರು ತನ್ನ ಎಲೆ ದಾಟಿ ಹೋಗುತ್ತಿದ್ದದ್ದು ನೆನಪಾಯಿತು. ಆಗಲೂ ಅವಳು ಕರೆದವಳಲ್ಲ. ಅಣ್ಣ ಶಶಿಕುಮಾರನ ಸಂಸಾರದ ಜೊತೆಗಿದ್ದಳು. ಅವನು ಒಳ್ಳೆಯವನೇ. ಆದರೂ ಆ ಸಂಜೆ, ಎಂದಿನಂತೆ, ಹಜಾರದಲ್ಲಿ ಅವಳು ಕೂತಿರುವಾಗಲೇ ದೀಪ ಆರಿಸಿ ಒಳಗೆ ಹೊರಟ.

"ಅಣ್ಣ, ನಾನು ಇಲ್ಲೇ ಇದೀನಿ," ಎಂದಳು.

ಶಶಿಕುಮಾರ ಬೆಚ್ಚಿ ದೀಪ ಹಾಕಿದ. ನೀನಿದ್ದದ್ದು ಕಾಣಲೇ ಇಲ್ಲವಲ್ಲೇ ಎಂದು ಗೊಣಗಿದ. ಏನು ಅನಿಸಿತೋ, ಒಳಗೆ ಹೋಗದೆ ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಕೆಲಸ ಹೇಗೆ ನಡೀತಿದೆ ಎಂದು ಕೇಳಿದ. ಅಂಥ ಪ್ರಶ್ನೆ ಆ ಮನೆಯಲ್ಲಿ ಕೇಳಿಬಂದು ಬಹಳ ಕಾಲವಾಗಿತ್ತು. ಅವಳು ಎಲ್ಲವನ್ನೂ ಹೇಳಿದಳು.

ಮರುದಿನ ಅನಿಲ್ ಪರಿಹಾರದೊಂದಿಗೇ ಕಾದಿದ್ದ. ಕಟ್ಟಡಕ್ಕೆ ಯಮುನಕ್ಕ ಇದ್ದಾರೆಂದು ತಿಳಿಯಲು ಕೊರಳಿಗೊಂದು ಕಾರ್ಡು ಹಾಕಿಬಿಡೋಣ ಎಂದ. ಮಾಧವಿ, ಅದಕ್ಕಿಂತ ಗಾಳಿಯನ್ನೇ ಅಳೆಯುವ ಸೆನ್ಸರು ಹಾಕಿದರೆ ಜನ ಅಲುಗಲಿ ಬಿಡಲಿ ಉಸಿರು ಗೊತ್ತಾಗುತ್ತದೆ ಎಂದಳು. ಸರಿ, ಅದನ್ನೇ ಮಾಡಿಸೋಣ ಎಂದು ಅವನು ಒಪ್ಪಿದ. ಮಾತು ಮುಗಿಯಿತೆಂದು ಇಬ್ಬರೂ ಎದ್ದರು. ಯಮುನಾ ಏಳಲಿಲ್ಲ.

"ನನಗೊಂದು ಕಿಟಕಿ ಬೇಕು," ಎಂದಳು. "ನಾನೇ ತೆಗೆಯೋ ಅಂಥದ್ದು, ನಾನೇ ಮುಚ್ಚೋ ಅಂಥದ್ದು."

ಅನಿಲ್ ಮತ್ತೆ ಕೂತ. ಕಿಟಕಿ ತೆರೆದರೆ ತಂಪೆಲ್ಲ ಹೊರಗೆ ಹೋಗುತ್ತದೆ, ಧೂಳು ಬರುತ್ತದೆ, ಚೂಡಾಮಣಿಯವರ ಉಬ್ಬಸದ ಗತಿಯೇನು ಎಂದು ಕೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ರಾತ್ರಿಯೆಲ್ಲ ತಾನೂ ಅದನ್ನೇ ಯೋಚಿಸಿದೆ ಎಂದಳು ಯಮುನಾ. ಗಾಡಿಗಳ ಹೊಗೆ ಇರುವ ಬೆಳಗಿನ ಹೊತ್ತು ಮುಚ್ಚಿರಲಿ. ಮಧ್ಯಾಹ್ನ ಬೀದಿ ಶಾಂತವಾದಾಗ ಸ್ವಲ್ಪ ಹೊತ್ತು ತೆರೆದರೆ ಸಾಕು. ಚೂಡಾಮಣಿ ಬಂದ ಮೇಲೆ ಅವಳನ್ನೂ ಕೇಳಿಯೇ ತೆರೆಯುವುದು. ಕಿಟಕಿ ತೆರೆದ ಹೊತ್ತು ಆ ಕೋಣೆಯ ಎಸಿ ತಾನೇ ನಿಲ್ಲುವಂತೆ ಮಾಡಬಹುದು ಎಂದು ಮಾಧವಿ ಸೇರಿಸಿದಳು. ಅನಿಲ್ ಗಾಜಿನ ಗೋಡೆಯನ್ನೇ ನೋಡುತ್ತ ಕೂತ. ಅದನ್ನು ಕೊರೆಯುವುದು ಅವನಿಗೆ ತನ್ನ ಮೈಯನ್ನು ಕೊರೆದಂತೆಯೇ ಇತ್ತು.

"ಇಷ್ಟು ವರ್ಷದಲ್ಲಿ ನೀವು ಏನೂ ಕೇಳಿದ್ದೇ ಇಲ್ಲ," ಎಂದ ಕೊನೆಗೆ. "ಮಾಡಿಸ್ತೀನಿ."

ಹೊಸ ಸೆನ್ಸರು ಬೇಗ ಬಂತು. ಕಿಟಕಿಗೆ ಮೇ ತಿಂಗಳಾಯಿತು. ಅಷ್ಟರಲ್ಲಿ ಚೂಡಾಮಣಿಯೂ ಮೈಸೂರಿನಿಂದ ಮರಳಿದಳು. ಬಂದವಳೇ ಕಿಟಕಿಯ ಚಿಲಕವನ್ನು ಅನುಮಾನದಿಂದ ಎಳೆದು ನೋಡಿ, ತನ್ನ ಮೇಜನ್ನು ಎದುರು ಗೋಡೆಯ ಸೋಸಿದ ಗಾಳಿಯ ಹತ್ತಿರಕ್ಕೆ ತಳ್ಳಿಸಿಕೊಂಡಳು. ಈಗ ಇಬ್ಬರೂ ಎದುರುಬದುರು. ಮೊದಲ ಕೆಲವು ದಿನ ತೆಗೆ, ಮುಚ್ಚು ಎಂದು ಸಣ್ಣ ಜಗಳಗಳೂ ಆದವು. ಒಂದು ದಿನ ಕೆಮ್ಮು ಬಂದು ಚೂಡಾಮಣಿ ಸಿಟ್ಟು ಮಾಡಿಕೊಂಡಳು, ಯಮುನಾ ಎದ್ದು ಮುಚ್ಚಿದಳು. ಇನ್ನೊಂದು ದಿನ ಚೂಡಾಮಣಿಯೇ ಬಂದು ತೆರೆದಳು.

ಒಂದು ಮಧ್ಯಾಹ್ನ ಬಸವನಗುಡಿಯ ಕಡೆಯಿಂದ ಮೋಡ ಏರಿತು. ಕಟ್ಟಡ ದೀಪಗಳನ್ನು ಒಂದಿಷ್ಟು ಹೆಚ್ಚಿಸಿಕೊಂಡಿತು. ಯಮುನಾ ಒಂದು ಸೆರಗಿನ ನಕ್ಷೆಯಲ್ಲಿ ಮುಳುಗಿದ್ದಳು. ಬೀದಿಯ ಧೂಳು ನೆನೆದ ವಾಸನೆ ಬಂದಾಗಲೂ ತಲೆಯೆತ್ತಲಿಲ್ಲ. ಗಾಳಿಯ ಜೊತೆ ಒಂದು ಹನಿ ಬಂದು ಮುಂಗೈಗೆ ತಾಗಿದಾಗ ಬೆಚ್ಚಿ, ಹಾಳೆಯನ್ನು ಎತ್ತಿ ಎದೆಗವಚಿಕೊಂಡಳು. ಚೂಡಾಮಣಿ ಕಿಟಕಿ ಮುಚ್ಚಲು ಎದ್ದು ಬಂದಿದ್ದಳು.

"ಒಂದು ನಿಮಿಷ ಇರು," ಎಂದಳು ಯಮುನಾ.

ಚೂಡಾಮಣಿ ಚಿಲಕದ ಮೇಲೆ ಕೈಯಿಟ್ಟೇ ನಿಂತಳು. ಕೆಳಗೆ ಜನ ಅಂಗಡಿಗಳ ಸೂರಿನತ್ತ ಓಡುತ್ತಿದ್ದರು. ಎದುರಿನ ಹೊಂಗೆಮರ ಮೈ ಕೊಡವಿತು. ಮಳೆ ಗಾಜಿನ ಮೇಲೆ ಸದ್ದಿಲ್ಲದೆ, ತೆರೆದ ಕಿಟಕಿಯಲ್ಲಿ ಸದ್ದು ಮಾಡುತ್ತ ಬಂತು.